ಕುರಿ ಉಣ್ಣೆ ಅಲ್ಪಾಕಾ ಆಗುತ್ತಾ?

ಪ್ರಶ್ನೆ: ದಕ್ಷಿಣ ಅಮೆರಿಕದ ಒಂಟೆ ಕುಲದ ಪ್ರಾಣಿ ಅಲ್ಪಾಕಾದ ಉಣ್ಣೆಯ ಸ್ವೆಟರ್ ಮುಟ್ಟಿದೆ, ಬೆಣ್ಣೆ ಹಾಗಿತ್ತು. ಟಗರು ಆರಿಸುತ್ತಾ ಹೋದರೆ ನಮ್ಮ ಕುರಿಗೂ ಅಂಥ ಉಣ್ಣೆ ಬರುತ್ತಾ? (ಕುರಿ ಸಾಕುವ ಯುವಕ, ಚಳ್ಳಕೆರೆ)

ಉತ್ತರ: ಕಷ್ಟ ತಮ್ಮಾ. ಅಲ್ಪಾಕಾ ಸಾಕುವವರು ಗಂಡು ಆರಿಸುವಾಗ ಸುಮ್ನೆ ಮೈ ಸವರಿ ಬಿಡುವುದಿಲ್ಲ. ಪಕ್ಕೆಯ ನಡುವಿಂದ ಒಂದಿಷ್ಟು ಉಣ್ಣೆ ಕತ್ತರಿಸಿ ಎಳೆಯ ದಪ್ಪ ಅಳೆಸುತ್ತಾರೆ. 20 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ಬಹಳ ನಯ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ವಯಸ್ಸಾದಂತೆ ಎಳೆ ದಪ್ಪವಾಗುತ್ತದೆ. ಮರಿಯ ಅಳತೆ ನಂಬಿ ದುಡ್ಡು ಸುರಿದವರು ಕೆಟ್ಟರು! ಅಲ್ಪಾಕಾದ ಗರ್ಭ ಸುಮಾರು ಹನ್ನೊಂದೂವರೆ ತಿಂಗಳು, ಸಾಮಾನ್ಯವಾಗಿ ಒಂದೇ ಮರಿ. ತಳಿ ಸುಧಾರಣೆ ನಿಧಾನ.

ನಿಮ್ಮ ಕುರಿ ಗರ್ಭ ಕಟ್ಟಿದ ಐದು ತಿಂಗಳಿಗೇ ಈಯುತ್ತದೆ. ಆದರೆ ದಖ್ಖನಿ ಕುರಿಯ ಒರಟು ಉಣ್ಣೆಯೇ ಅಲ್ವಾ ಕಂಬಳಿಗೆ ಬೇಕಾದ್ದು? ಉದ್ದ ಎಳೆಯ ಕರಿ ಟಗರು ಆರಿಸಿ. ಜಾಸ್ತಿ ಮಾಂಸದ ಆಸೆಗೆ ಉಣ್ಣೆಯಿಲ್ಲದ ತಳಿಯ ಟಗರನ್ನು ಮಂದೆಗೆ ಬಿಡಬೇಡಿ.