62ಕ್ಕೆ ವ್ಯಾಯಾಮ ಶುರು ಮಾಡಿದರೆ ಉಪಯೋಗ ಇದೆಯೇ? ಹುಮ್ಮಸ್ಸು ಎಲ್ಲಿಂದ ತರೋದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಿವೃತ್ತಿಯಾದ ಮೇಲೆ ಮೂರು ಸಲ ವಾಕಿಂಗ್ ಶುರು ಮಾಡಿ ಮೂರು ಸಲವೂ ಬಿಟ್ಟೆ ಅಂತ ಬರೆದಿದ್ದೀರಿ. ನಾನು ಐದು ಸಲ ಬಿಟ್ಟವಳು. ಈಗ 69. ಮೈಸೂರಿನಲ್ಲಿ ಹೈಸ್ಕೂಲ್ ಗಣಿತದ ಟೀಚರಾಗಿದ್ದೆ. ಆರನೇ ಸಲ ಶುರು ಮಾಡಿ ಆರು ವರ್ಷ ಆಯಿತು, ಇನ್ನೂ ನಡೀತಾ ಇದೆ.

ಅದು ಶುರುವಾಗಿದ್ದು ಒಂದು ಅವಮಾನದಿಂದ. ಅಕ್ಕನ ಮೊಮ್ಮಗನ ಉಪನಯನ, ಊಟಕ್ಕೆ ನೆಲದ ಪಂಕ್ತಿ. ಕೂತಿದ್ದೇನೋ ಕೂತೆ. ಹೋಳಿಗೆ ಆಯಿತು, ಮಜ್ಜಿಗೆಯೂ ಆಯಿತು, ಏಳೋಣ ಅಂದರೆ ಆಗಲಿಲ್ಲ. ಬಲಗೈ ಎಂಜಲು, ಊರುವ ಹಾಗಿಲ್ಲ. ಎಡಗೈ ಊರಿ ಅರ್ಧ ಎದ್ದೆ, ತೊಡೆ ಗಡಗಡ ನಡುಗಿ ಮತ್ತೆ ಕುಕ್ಕರಿಸಿದೆ. ಪಂಕ್ತಿಯವರೆಲ್ಲ ಕೈ ತೊಳೆಯಲು ಹೋಗಿಯಾಗಿತ್ತು. ಎಲೆ ತೆಗೆಯುತ್ತಿದ್ದ ಹುಡುಗ ಬಕೆಟ್ ಕೆಳಗಿಟ್ಟು "ಕೈ ಕೊಡಿ ಅಜ್ಜಿ" ಅಂದ. ಒಳ್ಳೇ ಹುಡುಗ. ಆದರೆ ಆ "ಅಜ್ಜಿ" ಮನೆಗೆ ಬಂದ ಮೇಲೂ ಕಿವಿಯಲ್ಲಿತ್ತು.

ತಮಾಷೆ ಅಂದರೆ ನನಗೆ ಮಂಡಿನೋವು ಇರಲೇ ಇಲ್ಲ. ಆಗೊಮ್ಮೆ ಈಗೊಮ್ಮೆ ವಾಕಿಂಗೂ ಹೋಗುತ್ತಿದ್ದೆ. ತೊಡೆಯಲ್ಲಿ ಬಲವೇ ಉಳಿದಿರಲಿಲ್ಲ, ಅಷ್ಟೆ. ನಡುವಯಸ್ಸಿನಿಂದಲೇ ಸ್ನಾಯು ಸದ್ದಿಲ್ಲದೆ ಕರಗುತ್ತ ಬರುತ್ತದೆ, ಅರವತ್ತು ದಾಟಿದರೆ ಇನ್ನೂ ಬೇಗ. ನಡಿಗೆಯಿಂದ ಎದೆಗೆ, ಶುಗರ್‌ಗೆ, ಮನಸ್ಸಿಗೆ ಒಳ್ಳೆಯದಾಗುತ್ತದೆ, ಆದರೆ ನೆಲದಿಂದ ಎದ್ದೇಳುವ ಬಲ ಬರಬೇಕಾದರೆ ಸ್ನಾಯುವಿನ ಮೇಲೆ ಭಾರ ಬೀಳಬೇಕು. ಇದನ್ನು ಹೇಳಿಕೊಟ್ಟವಳು ಫಿಸಿಯೋಥೆರಪಿ ಮಾಡುವ ನನ್ನ ಹಳೇ ವಿದ್ಯಾರ್ಥಿನಿ. ಗಣಿತದಲ್ಲಿ ಮೂವತ್ತೈದಕ್ಕೆ ಪಾಸಾದವಳು, ನನಗೆ ಲೆಕ್ಕ ಹೇಳಿದಳು!

"ಉಪಯೋಗ ಇದೆಯಾ" ಅನ್ನೋದಕ್ಕೆ ಅವಳೇ ಒಂದು ಅಧ್ಯಯನದ ವಿಷಯ ಹೇಳಿದ್ದಳು. 1990ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದದ್ದು. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಒಬ್ಬರು ಮಧ್ಯದಲ್ಲಿ ಬಿಟ್ಟರು. ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತ್ತು. ಅಂದರೆ ಮೊದಲಿದ್ದುದರ ಎರಡೂಮುಕ್ಕಾಲು ಪಟ್ಟು. ಹತ್ತೇ ಜನರ ಅಧ್ಯಯನ, ಒಪ್ಪಿದೆ. ಆದರೂ ತೊಂಬತ್ತರ ಸ್ನಾಯು ಹೇಳಿದ ಮಾತು ಕೇಳುತ್ತದೆ ಅಂದ ಮೇಲೆ ನಿಮ್ಮ 62 ಯಾವ ಮಹಾ ವಯಸ್ಸು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನವಾದರೂ ಬೀಳದ ಹಾಗೆ ಸಮತೋಲ ಹಿಡಿಯುವ ಅಭ್ಯಾಸ. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ. ಅದರ ಮೇಲೆ ಹತ್ತು ಸಾವಿರ ಹೆಜ್ಜೆಯ ಹುಚ್ಚು ಬೇರೆ. ಆ ಹತ್ತು ಸಾವಿರ 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಅದಾಗಲಿಲ್ಲ ಅಂತ ಯಾರೂ ಕೊರಗಬೇಕಿಲ್ಲ.

ನನ್ನ ಜಿಮ್ಮು ಅಡುಗೆಮನೆ. ಹಾಲು ಒಲೆಯ ಮೇಲಿಟ್ಟರೆ ಉಕ್ಕುವವರೆಗೂ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳೋದು ಕೂರೋದು. ಮೊದಲ ದಿನ ನಾಲ್ಕಕ್ಕೇ ಸುಸ್ತಾಗಿತ್ತು. ಈಗ ಹತ್ತರ ಮೂರು ಸುತ್ತು, ಕೈಯಲ್ಲಿ ಎರಡು ಲೀಟರ್ ನೀರಿನ ಬಾಟಲಿ ಹಿಡಿದು. ಗೋಡೆಗೆ ಕೈಕೊಟ್ಟು ತಳ್ಳೋದು. ಹಲ್ಲುಜ್ಜುವಾಗ ಒಂಟಿಕಾಲು, ಇನ್ನೊಂದು ಕೈ ಬೇಸಿನ್ ಹತ್ತಿರವೇ ಇರಬೇಕು. ಇದನ್ನು ನೋಡಿದ ನಮ್ಮವರು ಮೊದಲ ವಾರ "ಕೊಕ್ಕರೆ ಬಂತು" ಅನ್ನುತ್ತಿದ್ದರು. ಈಗ ಅವರೂ ಕೊಕ್ಕರೆಯೇ.

ಹುಮ್ಮಸ್ಸಿನ ವಿಷಯ. ನನಗೆ ಇವತ್ತಿಗೂ ಅದು ಬಂದಿಲ್ಲ. ಡಿಸೆಂಬರ್ ಚಳಿಯಲ್ಲಿ ಕಂಬಳಿ ಬಿಟ್ಟು ಏಳಬೇಕು ಅಂತ ಒಂದು ದಿನವೂ ಅನಿಸಿಲ್ಲ. ನನ್ನನ್ನು ಎಬ್ಬಿಸುವುದು ಕಾಫಿ ಕಾನೂನು.

ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಾವು ನಾಲ್ಕು ಜನ ಹೆಂಗಸರು ನಡೆಯುತ್ತೇವೆ. ಪೂರ್ತಿ ಸುತ್ತು ಹಾಕಿದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಬೆಳಗಿನ ಹೊತ್ತು ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿ ಹಾಗೆ ತೇಲುತ್ತಿರುತ್ತವೆ. ಕಾನೂನು ಇದು: ಹೇಳದೆ ಕೇಳದೆ ಯಾರು ಬರಲಿಲ್ಲವೋ, ವಾಕಿಂಗ್ ಮುಗಿಸಿ ಉಳಿದ ಮೂವರೂ ಅವರ ಮನೆಗೇ ಕಾಫಿಗೆ ಹೋಗುವುದು. ಬೆಳಗ್ಗೆ ಏಳೂವರೆಗೆ, ಮನೆ ಗುಡಿಸಿರದ ಹೊತ್ತಲ್ಲಿ, ಮೂರು ಜನಕ್ಕೆ ಡಿಕಾಕ್ಷನ್ ಇಳಿಸುವುದಕ್ಕಿಂತ ಕೆರೆ ಸುತ್ತುವುದೇ ಸುಲಭ. ಎರಡು ಸಲ ದಂಡ ತೆತ್ತ ಮೇಲೆ ನಾನು ಸರಿಹೋದೆ. ನೀವು ಒಬ್ಬರೇ ಶುರು ಮಾಡಿದಿರಿ ಅನಿಸುತ್ತೆ, ಮೂರೂ ಸಲ. ಒಬ್ಬರೇ ಇದ್ದಾಗ ನಮಗೆ ನಾವು ರಜೆ ಮಂಜೂರು ಮಾಡಿಕೊಳ್ಳುವುದು ಬಹಳ ಸುಲಭ.

ಮನೆಯ ವ್ಯಾಯಾಮಕ್ಕೆ ಜೊತೆ ಸಿಗುವುದಿಲ್ಲ, ಅದಕ್ಕೆ ಹಾಲಿನ ಲೆಕ್ಕದ ಕ್ಯಾಲೆಂಡರ್. ಅರ್ಧ ಲೀಟರ್, ಒಂದು ಲೀಟರ್ ಬರೆಯುವ ಚೌಕದಲ್ಲೇ ಮೂಲೆಗೆ ಒಂದು ಗೀಟು. ತಿಂಗಳಿಗೆ ಹನ್ನೆರಡು ಗೀಟು ಬಿದ್ದರೆ ನನ್ನ ಲೆಕ್ಕದಲ್ಲಿ ಪಾಸು. ದಿನಾ ಮಾಡಲೇಬೇಕು ಅಂತ ಹೊರಟಿದ್ದಕ್ಕೇ ನಾನು ಹಿಂದೆ ಐದು ಸಲ ಬಿಟ್ಟದ್ದು. ಒಂದು ದಿನ ತಪ್ಪಿದರೆ ಎಲ್ಲಾ ಹೋಯಿತು ಅನಿಸಿಬಿಡುತ್ತಿತ್ತು.

ಎಡವಟ್ಟೂ ಮಾಡಿಕೊಂಡಿದ್ದೇನೆ. ಮೊದಲ ತಿಂಗಳಲ್ಲೇ ಉತ್ಸಾಹ ಜಾಸ್ತಿಯಾಗಿ, ಹಳೇ ಚಪ್ಪಲಿಯಲ್ಲಿ ಕೆರೆಗೆ ಎರಡು ಸುತ್ತು ಹಾಕಿದೆ. ಮಾರನೇ ದಿನ ಹಾಸಿಗೆಯಿಂದ ಇಳಿದು ಕಾಲೂರಿದರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಮೂರು ವಾರ ಮನೆಯಲ್ಲಿ. ಆಮೇಲೆ ಸೀರೆಗೆ ಬೂಟು ಹಾಕಲು ಕಲಿತೆ. ಚೆನ್ನಾಗಿ ಕಾಣುವುದಿಲ್ಲ, ಆದರೆ ನನ್ನ ಕಾಲು ನೋಡುವ ವಯಸ್ಸಿನವರು ಯಾರೂ ಆ ಹೊತ್ತಿಗೆ ಎದ್ದಿರುವುದಿಲ್ಲ.

ಬಿಪಿ, ಶುಗರ್, ಎದೆಯ ತೊಂದರೆ ಯಾವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗಕ್ಕೆ ಅದೇ ಅಳತೆ. ಎದೆ ಹಿಡಿದ ಹಾಗೆ, ತಲೆ ಸುತ್ತಿದ ಹಾಗೆ ಆದರೆ ಅಲ್ಲೇ ನಿಲ್ಲಿಸಿ, ಕೂತುಕೊಳ್ಳಿ, ಅಕ್ಕಪಕ್ಕದವರನ್ನು ಕರೆಯಿರಿ. ಸಂಕೋಚ ಪಡಬೇಡಿ. ಬರೀ ಅನ್ನ ಸಾರು ತಿಂದು ಬಲ ಬರಲಿ ಅಂದರೂ ಬರುವುದಿಲ್ಲ. ಕಾಳು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋದಾಗ ಮೂರು ತಿಂಗಳು ಪೂರ್ತಿ ನಿಂತಿತ್ತು. ವಾಪಸು ಬಂದು ಕುರ್ಚಿಯ ಲೆಕ್ಕವನ್ನು ಅರ್ಧದಿಂದ ಶುರು ಮಾಡಿದೆ, ಒಂದೂವರೆ ತಿಂಗಳಲ್ಲಿ ಹಳೇ ಜಾಗಕ್ಕೆ ಬಂದೆ. ಹಾಗಾಗಿ ನಾಲ್ಕನೇ ಸಲವೂ ಮಧ್ಯೆ ನಿಂತರೆ ಅದನ್ನು ಬಿಟ್ಟದ್ದು ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಈಗ ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಸಾವಿರ ಮೆಟ್ಟಿಲು, ನಂದಿಯ ಹತ್ತಿರ ದೊಡ್ಡ ವಿಶ್ರಾಂತಿ. ಇಳಿಯುವುದು ಮಾತ್ರ ಸಿಟಿ ಬಸ್ಸಿನಲ್ಲಿ, ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹೋದ ಸಲ ನನ್ನ ವಯಸ್ಸಿನವರೇ ಒಬ್ಬರು ಹರಕೆಗೆ ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಬಗ್ಗಿ, ಎದ್ದು, ಮುಂದೆ. ಸಾವಿರ ಬಸ್ಕಿ ಆಗುವುದಿಲ್ಲವೇ ಅದು? "ಕಾಲು ನೋಯಲ್ವಾ?" ಅಂತ ಕೇಳಿದೆ. "ಕುಂಕುಮ ಖಾಲಿಯಾಗೋ ಯೋಚನೆ, ಕಾಲು ಯಾರಿಗೆ ನೆನಪಿರುತ್ತೆ" ಅಂದರು.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಮೈಸೂರೇ ಆಗಿದ್ದರೆ ಮನೆಯವರನ್ನೂ ಕರೆದುಕೊಂಡು ಬೆಳಗ್ಗೆ ಆರಕ್ಕೆ ಕೆರೆಯ ಹತ್ತಿರ ಬನ್ನಿ, ಸೀರೆಗೆ ಬೂಟು ಹಾಕಿದವಳು ನಾನೇ. ಬರುತ್ತೇನೆ ಅಂದ ಮೇಲೆ ಮನೆ ವಿಳಾಸ ಮೊದಲೇ ಕೊಟ್ಟಿರಬೇಕು. ನನಗೆ ಸಕ್ಕರೆ ಕಮ್ಮಿ.