ಸಿಗ್ನಲ್‌ನಲ್ಲಿ ನಿಂತಾಗ ನಡುಗುವ ಅಂಬಾಸಡರ್: ಕಾರ್ಬುರೇಟರ್ ಬದಲಿಸುವ ಮೊದಲು ಏನೇನು ನೋಡಬೇಕು?

ನಿಮ್ಮ ತಂದೆಯವರ 1984ರ ಅಂಬಾಸಡರ್ ಮಾರ್ಕ್ 4 ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಚೆನ್ನಾಗಿ ನಡೆಯುತ್ತದೆ, ಹೆದ್ದಾರಿಯಲ್ಲೂ ತಕರಾರಿಲ್ಲ, ಆದರೆ ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಇಡೀ ಗಾಡಿ ನಡುಗಿ ಕೆಲವೊಮ್ಮೆ ಆಫ್ ಆಗುತ್ತದೆ ಎಂದು ಬರೆದಿದ್ದೀರಿ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್ ತೆಗೆದು ಹೊಸದು ಹಾಕಿಸಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ, ಹಾಕಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಹಳೆಯ ಗಾಡಿಯ ಎಂಜಿನ್ ಎಲ್ಲಿ ತಡವರಿಸಿದರೂ ತಪ್ಪು ಹೊರುವುದು ಕಾರ್ಬುರೇಟರ್. ಅದರ ಸರದಿ ಬರಬೇಕಾದದ್ದು ಕೊನೆಗೆ.

ನೀವು ಕೊಟ್ಟ ವಿವರದಲ್ಲೇ ದೊಡ್ಡ ಸುಳಿವಿದೆ. ಚೋಕ್ ಎಳೆದಿರುವಾಗ ಎಂಜಿನ್‌ಗೆ ಪೆಟ್ರೋಲ್ ಧಾರಾಳವಾಗಿ ಸಿಗುತ್ತದೆ. ಆಗ ಎಲ್ಲಿಂದಲೋ ಕಳ್ಳದಾರಿಯಲ್ಲಿ ಗಾಳಿ ನುಗ್ಗುತ್ತಿದ್ದರೂ ಗೊತ್ತಾಗುವುದಿಲ್ಲ. ಚೋಕ್ ಒಳಗೆ ತಳ್ಳಿದ ಮೇಲೆ ಮಿಶ್ರಣ ತೆಳುವಾಗಿ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾಗಿ) ಬಣ್ಣ ಬಯಲಾಗುತ್ತದೆ. ಹೆದ್ದಾರಿಯಲ್ಲಿ ಥ್ರಾಟಲ್ (ಆಕ್ಸಿಲರೇಟರ್ ತುಳಿದಾಗ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ತೆರೆದಿರುತ್ತದೆ, ಎಂಜಿನ್ ಸೇದುವ ಗಾಳಿಯೇ ಅಷ್ಟಿರುವಾಗ ಸಣ್ಣ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಸಿಗ್ನಲ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ. ಅದರ ಹಿಂದಿನ ನಿರ್ವಾತ ಆಗಲೇ ಅತಿ ಹೆಚ್ಚು, ಕೂದಲೆಳೆಯಷ್ಟು ಸಂದಿಯಿಂದಲೂ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ನನ್ನ ಮೊದಲ ಅನುಮಾನ ಗಾಳಿ ಸೋರಿಕೆಯ ಮೇಲೆ, ಎರಡನೆಯದು ಕಟ್ಟಿಕೊಂಡ ಪೈಲಟ್ ಜೆಟ್ ಮೇಲೆ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ (ಐಡ್ಲಿಂಗ್) ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ಮೇಲೆ.

ಅನುಮಾನವನ್ನು ಪರೀಕ್ಷಿಸುವುದು ಸುಲಭ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ನಡುಗುತ್ತಿರುವಾಗ, ರಬ್ಬರ್ ಹಿಡಿಯ ಇಕ್ಕಳದಿಂದ ಸ್ಪಾರ್ಕ್ ಪ್ಲಗ್ ಲೀಡ್‌ಗಳನ್ನು (ಪ್ಲಗ್‌ಗೆ ಕರೆಂಟ್ ತರುವ ವೈರ್‌ಗಳನ್ನು) ಒಂದೊಂದಾಗಿ ಎಳೆಯಿರಿ. ಎಳೆದ ಲೀಡ್‌ನ ತುದಿಯನ್ನು ಎಂಜಿನ್ ಬ್ಲಾಕ್‌ಗೆ ತಾಗಿಸಿ ಹಿಡಿಯಿರಿ, ಗಾಳಿಯಲ್ಲಿ ಬಿಟ್ಟರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಪೆಟ್ಟು. ಸರಿಯಾಗಿ ಕೆಲಸ ಮಾಡುತ್ತಿರುವ ಸಿಲಿಂಡರ್‌ನ ಲೀಡ್ ತೆಗೆದರೆ ಎಂಜಿನ್ ಕುಸಿಯುತ್ತದೆ. ತೆಗೆದರೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಸುಮ್ಮನೆ ಕುಳಿತಿದೆ ಎಂದು ಅರ್ಥ.

ಇಲ್ಲಿ ನಿಮ್ಮ ಎಂಜಿನ್‌ನ ರಚನೆಯೇ ನಿಮಗೆ ನೆರವಾಗುತ್ತದೆ. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ 1489 ಸಿಸಿ ಎಂಜಿನ್. ಇದರ ಹೆಡ್‌ನಲ್ಲಿ (ಸಿಲಿಂಡರ್‌ಗಳ ಮೇಲಿನ ಮುಚ್ಚಳದಲ್ಲಿ) ನಾಲ್ಕು ಸಿಲಿಂಡರ್‌ಗಳಿಗೆ ಮಿಶ್ರಣ ಒಳಬರುವ ದಾರಿಗಳು ಎರಡೇ: 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಆದ್ದರಿಂದ 1 ಮತ್ತು 2 ಒಟ್ಟಿಗೆ ಸೊರಗಿದ್ದರೆ ಮ್ಯಾನಿಫೋಲ್ಡ್ (ಮಿಶ್ರಣವನ್ನು ಹೆಡ್‌ಗೆ ಒಯ್ಯುವ ಕೊಳವೆ) ಕೂಡುವಲ್ಲಿನ ಗ್ಯಾಸ್ಕೆಟ್ ಮುಂದಿನ ತುದಿಯಲ್ಲಿ ಗಾಳಿ ಸೇದುತ್ತಿದೆ. 3 ಮತ್ತು 4 ಸೊರಗಿದ್ದರೆ ಹಿಂದಿನ ತುದಿಯಲ್ಲಿ. 2 ಮತ್ತು 3 ಜೋಡಿಯಾಗಿ ಸತ್ತಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಾಧ್ಯತೆ ಬಲವಾಗಿದೆ. ಒಂದೇ ಸಿಲಿಂಡರ್ ಸತ್ತಿದ್ದರೆ ಪ್ಲಗ್, ಲೀಡ್ ಅಥವಾ ವಾಲ್ವ್. ನಾಲ್ಕೂ ಸಮವಾಗಿ ಬಡಕಲಾಗಿದ್ದರೆ ಆಗ ಮಾತ್ರ ಕಾರ್ಬುರೇಟರ್ ಅಥವಾ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕಡೆಗೆ ತಿರುಗಿ. ಐದೇ ನಿಮಿಷದಲ್ಲಿ ಇಷ್ಟು ಹೇಳುವ ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ. ಯಾವ ಗ್ಯಾರೇಜಿಗೆ ಹೋದರೂ ಮೊದಲು ಇದನ್ನು ಮಾಡಿಸಿ.

ಸೋರಿಕೆಯ ಜಾಗ ಹುಡುಕಲು ಒಂದು ಮೀಟರ್ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಯಲ್ಲಿ, ಇನ್ನೊಂದನ್ನು ಮ್ಯಾನಿಫೋಲ್ಡ್ ಕೂಡುವ ಅಂಚಿನಲ್ಲಿ ನಿಧಾನವಾಗಿ ಸರಿಸುತ್ತ ಹೋಗಿ. ಸೋರುವಲ್ಲಿ ‘ಸುಯ್’ ಎನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಕೆಲವರು ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಹೊಡೆದು ನೋಡುತ್ತಾರೆ. ದಯವಿಟ್ಟು ಬೇಡ. ಈ ಎಂಜಿನ್‌ನಲ್ಲಿ ಇನ್ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ, ಕಾದ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಬಿದ್ದರೆ ಗಾಡಿಯೇ ಹೊತ್ತಿಕೊಳ್ಳಬಹುದು. ಬ್ರೇಕ್ ಸರ್ವೋ (ಎಂಜಿನ್‌ನ ನಿರ್ವಾತದಿಂದ ಬ್ರೇಕ್ ಹಗುರ ಮಾಡುವ ಭಾಗ) ಹಾಕಿಸಿದ್ದರೆ ಅದರ ಪೈಪನ್ನೂ ಒಮ್ಮೆ ಮಡಚಿ ಹಿಡಿದು ನೋಡಿ, ನಡುಕ ಕಡಿಮೆಯಾದರೆ ಸೋರಿಕೆ ಆ ಕಡೆ ಇದೆ.

ಕಾರ್ಬುರೇಟರ್‌ನ ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ತಿರುಗಿಸುವ ಕಡ್ಡಿ) ಗಾಳಿ ಸೋರಬಹುದಾದ ಇನ್ನೊಂದು ಜಾಗ. ನಲವತ್ತು ವರ್ಷ ತಿರುಗಿದ ಸ್ಪಿಂಡಲ್ ತನ್ನ ರಂಧ್ರವನ್ನು ಮೊಟ್ಟೆಯಾಕಾರಕ್ಕೆ ತಂದಿರುತ್ತದೆ. ಎಂಜಿನ್ ಆಫ್ ಮಾಡಿ ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಕೈಗೇ ತಿಳಿಯುತ್ತದೆ. ಐಡ್ಲಿಂಗ್‌ನಲ್ಲಿರುವಾಗ ಸಿರಿಂಜಿನಿಂದ ಸ್ಪಿಂಡಲ್‌ನ ಬುಡಕ್ಕೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟಾಗ ನಡುಕ ಕ್ಷಣಕಾಲ ಕಡಿಮೆಯಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಇದಕ್ಕೂ ಹೊಸ ಕಾರ್ಬುರೇಟರ್ ಬೇಕಿಲ್ಲ; ಒಳ್ಳೆಯ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಬುಷ್ ಕೂರಿಸಿ ಕೊಡುತ್ತಾರೆ.

ಇನ್ನು ಕರೆಂಟಿನ ಕಡೆ. ಪ್ಲಗ್‌ಗಳನ್ನು ಬಿಚ್ಚಿ ಬಣ್ಣ ನೋಡಿ: ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು, ಒಣ ಮಸಿ ಹಿಡಿದಿದ್ದರೆ ದಪ್ಪ, ಎಣ್ಣೆ ಮೆತ್ತಿದ್ದರೆ ಆ ಸಿಲಿಂಡರ್‌ನ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಪ್ಲಗ್ ಗ್ಯಾಪ್ 0.025 ಅಂಗುಲ, ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್‌ನ ಗ್ಯಾಪ್ 0.014ರಿಂದ 0.016 ಅಂಗುಲ. ಗ್ಯಾಪ್ ಅಳೆಯುವ ಮೊದಲು ರೋಟರ್ (ಶಾಫ್ಟ್ ತುದಿಯಲ್ಲಿ ತಿರುಗುವ ತುಂಡು) ಹಿಡಿದು ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಅಕ್ಕಪಕ್ಕ ಅಲ್ಲಾಡಿಸಿ. ಅಲ್ಲಾಡಿದರೆ ಬುಷ್ ಹೋಗಿದೆ. ಆಗ ನೀವು ಎಷ್ಟೇ ನಿಖರವಾಗಿ ಗ್ಯಾಪ್ ಇಟ್ಟರೂ ಒಂದೊಂದು ಸಿಲಿಂಡರ್‌ಗೆ ಒಂದೊಂದು ಸಮಯದಲ್ಲಿ ಕಿಡಿ ಬೀಳುತ್ತದೆ. ಕ್ಯಾಪ್ ತೆಗೆದಾಗ ಒಳಗಿನ ಹೆಣೆದ ಸಣ್ಣ ಅರ್ತ್ ವೈರನ್ನೂ ನೋಡಿ. ಪಾಯಿಂಟ್ ಕೂತಿರುವ ತಟ್ಟೆ ಪ್ರತಿ ಸಲ ತಿರುಗಿದಾಗಲೂ ಅದು ಬಾಗುತ್ತದೆ. ನನ್ನ ಗಾಡಿಯಲ್ಲಿ ಅದರ ಎಳೆಗಳು ಒಂದೊಂದಾಗಿ ತುಂಡಾಗಿ ಕೊನೆಗೆ ಎರಡೋ ಮೂರೋ ಉಳಿದಿದ್ದವು, ಹೊರಗಿನಿಂದ ನೋಡಿದರೆ ವೈರ್ ಇಡಿಯಾಗಿಯೇ ಕಾಣುತ್ತಿತ್ತು.

ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಟಕಟಕ ಸದ್ದು ಕೇಳಬಾರದೆಂದು ಗಿರಾಕಿ ಒತ್ತಾಯಿಸುತ್ತಾನೆ, ಗ್ಯಾರೇಜಿನವರು ಬಿಗಿ ಮಾಡಿ ಕಳಿಸುತ್ತಾರೆ. ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಬಿಸಿಯಲ್ಲಿ ಉದ್ದವಾಗಿ ಸೀಟ್ ಮೇಲೆ ಪೂರ್ತಿ ಕೂರುವುದೇ ಇಲ್ಲ. ಮೊದಲು ಐಡ್ಲಿಂಗ್ ಕೆಡುತ್ತದೆ, ಆಮೇಲೆ ವಾಲ್ವ್ ಸುಡುತ್ತದೆ. ಈ ಎಂಜಿನ್‌ಗೆ ಬೇಕಾದ ಅಂತರ 0.015 ಅಂಗುಲ. ಅದರೊಂದಿಗೆ ಬರುವ ಸಣ್ಣ ಸದ್ದು ಆರೋಗ್ಯದ ಸದ್ದು. ಅಳೆಯುವಾಗ ಒಂಬತ್ತರ ಲೆಕ್ಕ ಇಟ್ಟುಕೊಳ್ಳಿ: ರೇಡಿಯೇಟರ್ ಕಡೆಯಿಂದ ಎಣಿಸಿ 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದನ್ನು, 3 ತೆರೆದಾಗ 6ನ್ನು ಅಳೆಯಬೇಕು, ಎರಡೂ ಸಂಖ್ಯೆ ಕೂಡಿದರೆ ಒಂಬತ್ತು. ವಾಲ್ವ್ ಸೋರುತ್ತಿದೆಯೇ ಎಂದು ಅಂದಾಜು ಮಾಡಲು ಸೈಲೆನ್ಸರ್ ಬಾಯಿಗೆ ಕಾಗದದ ಚೂರು ಹಿಡಿಯಿರಿ. ಅದು ಒಂದೇ ತಾಳದಲ್ಲಿ ಹೊರಕ್ಕೆ ಹಾರಾಡಬೇಕು, ಆಗಾಗ ಒಳಕ್ಕೆ ಸೆಳೆದುಕೊಂಡರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಇವೆಲ್ಲ ಸರಿಯಿದ್ದರೆ ಕಾರ್ಬುರೇಟರ್ ತೆರೆಯಿರಿ. ಪೈಲಟ್ ಜೆಟ್ ಬಿಚ್ಚಿ, ಗಾಳಿ ಊದಿ ಸ್ವಚ್ಛ ಮಾಡಿ. ತಂತಿ ತೂರಿಸಿದರೆ ರಂಧ್ರದ ಅಳತೆ ಕೆಡುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕಾದ್ದರಿಂದ ಹಳೆಯ ಜೆಟ್‌ನಲ್ಲೇ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ, ಜೊತೆಗೆ ಹಳೆಯ ರಬ್ಬರ್ ಪೈಪ್ ಮತ್ತು ಪಂಪ್ ಡಯಾಫ್ರಾಮ್ ಮೆತ್ತಗಾಗಿ ಅದರ ಚೂರುಗಳು ಜೆಟ್‌ಗೆ ಬರುತ್ತವೆ. ಪೈಪ್‌ಗಳನ್ನು ಬದಲಿಸಿ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಎಥನಾಲ್ ತಡೆಯುವಂಥದ್ದೇ ಬೇಕು ಎಂದು ಕೇಳಿ ತನ್ನಿ.

ಕೊನೆಗೆ ಐಡ್ಲಿಂಗ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಎಡವುವವರೆಗೆ ನಿಧಾನವಾಗಿ ಒಳಕ್ಕೆ ತಿರುಗಿಸಿ, ನಂತರ ನುಣುಪಾಗುವವರೆಗೆ ಹೊರಕ್ಕೆ ತನ್ನಿ, ಆಮೇಲೆ ಥ್ರಾಟಲ್ ಸ್ಕ್ರೂನಿಂದ ವೇಗ ಇಳಿಸಿ. ಸ್ಕ್ರೂ ತಿರುಗಿಸಿದರೂ ಎಂಜಿನ್ ಕ್ಯಾರೇ ಅನ್ನದಿದ್ದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ, ಇಲ್ಲವೇ ಸೋರಿಕೆ ಇನ್ನೂ ಉಳಿದಿದೆ. ಲೀಡ್ ಎಳೆದು ನೋಡಿದಾಗ ಯಾವ ಸಿಲಿಂಡರ್ ಸೊರಗಿದ್ದು ಗೊತ್ತಾಯಿತು, ಪ್ಲಗ್‌ಗಳ ಬಣ್ಣ ಹೇಗಿತ್ತು ಎಂದು ಕೆಳಗೆ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.