ಪ್ರತಿಕ್ರಿಯೆ: ಬಾಗಿಲಿನ ಮೇಲಿನ ನೀಲಿ ವೃತ್ತ ಆಟಗಾರರಿಗೆ ಏಕೆ ಅರ್ಥವಾಗುವುದಿಲ್ಲ?

ಪುಣೆಯಲ್ಲಿ ಮೊಬೈಲ್ ಆಟವೊಂದನ್ನು ರೂಪಿಸುತ್ತಿರುವ ತಾವು, ಬಾಗಿಲಿನ ಮೇಲೆ ನೀಲಿ ವೃತ್ತವಿದ್ದರೂ ಅದು ತೆರೆಯುತ್ತದೆಂದು ಆಟಗಾರರು ಊಹಿಸುವುದಿಲ್ಲವೇಕೆ, ಚಿಹ್ನೆಗಳು ಅರ್ಥ ಕೊಡುವ ಬಗೆಯನ್ನು ಅಧ್ಯಯನ ಮಾಡುವ ಸಂಕೇತಶಾಸ್ತ್ರದಿಂದ ಇಲ್ಲಿ ಪ್ರಯೋಜನವುಂಟೇ ಎಂದು ಕೇಳಿದ್ದೀರಿ. ಖಂಡಿತ ಉಂಟು, ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಚಿಹ್ನೆಗಳನ್ನು ಮೂರು ಬಗೆಯಾಗಿ ಮಾಡಿದ ವಿಂಗಡಣೆಯೊಂದೇ ನಿಮ್ಮ ಕೆಲಸಕ್ಕೆ ಸಾಕೆಂದು ನನ್ನ ಅಭಿಪ್ರಾಯ.

ಹೋಲಿಕೆಯಿಂದ ಅರ್ಥ ಕೊಡುವುದು ಪ್ರತಿಮೆ, ಉದಾಹರಣೆಗೆ ಬೀಗದ ಚಿತ್ರ. ಕಾರ್ಯಕಾರಣ ಸಂಬಂಧದಿಂದ ಕೊಡುವುದು ಸೂಚಿ: ಸಂದಿಯಿಂದ ಹೊರಬೀಳುವ ಬೆಳಕು, ಬಾಗಿಲು ಉಜ್ಜಿ ನೆಲದಲ್ಲಿ ಮೂಡಿದ ಗೀರು. ಕೇವಲ ರೂಢಿಯಿಂದ ಅರ್ಥ ಪಡೆಯುವುದು ಸಂಕೇತ. ಮುಂಬಯಿಯ ಲೋಕಲ್ ರೈಲಿನ ಫಲಕದಲ್ಲಿ ‘ಎಫ್’ ಎಂದಿದ್ದರೆ ಅದು ಸಣ್ಣ ನಿಲ್ದಾಣಗಳಲ್ಲಿ ನಿಲ್ಲದ ವೇಗದ ಗಾಡಿಯೆಂಬುದು ಇಲ್ಲಿಯವರಿಗೆ ಸಹಜ ಜ್ಞಾನ; ಊರಿನಿಂದ ಮೊದಲ ಸಲ ಬಂದ ನನ್ನ ಸೋದರಮಾವ ಮಾತ್ರ ಠಾಣೆಯಲ್ಲಿ ಅದನ್ನೇ ಹತ್ತಿ, ಮಾಟುಂಗಾದಲ್ಲಿ ಇಳಿಯಬೇಕಾದವರು ದಾದರ್ ಸೇರಿದ್ದರು.

ನಿಮ್ಮ ನೀಲಿ ವೃತ್ತವೂ ಯಾರಿಗೂ ಕಲಿಸದ ಇಂಥದೇ ರೂಢಿ. ಅದರ ಜೊತೆಗೆ ಬೆಳಕಿನಂಥ ಸೂಚಿಯೊಂದನ್ನು ಸೇರಿಸಿ, ಅಥವಾ ಆಡಿಸಿಯೇ ಕಲಿಸಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟವು ಆರಂಭದಲ್ಲಿಯೇ ಪ್ರಶ್ನಾರ್ಥಕ ಚಿಹ್ನೆಯುಳ್ಳ ಹೊಳೆಯುವ ಚೌಕವನ್ನು ತೋರಿಸಿ, ಅದನ್ನು ಕೆಳಗಿನಿಂದ ಗುದ್ದಿದೊಡನೆ ನಾಣ್ಯ ಚಿಮ್ಮಿಸಿ, ವಿವರಣೆಯ ಒಂದು ಅಕ್ಷರವೂ ಇಲ್ಲದೆ ಪಾಠ ಮುಗಿಸುತ್ತದೆ. ನೀವೂ ಅಪಾಯವಿಲ್ಲದ ಮೊದಲ ಕೋಣೆಯಲ್ಲಿ ಅಂಥ ಒಂದೇ ಬಾಗಿಲನ್ನಿಡಿ. ಮುಂದಿನ ಹಂತಗಳಲ್ಲಿ ಅದೇ ನೀಲಿ ವೃತ್ತವನ್ನು ಗೋಡೆಯ ಅಲಂಕಾರಕ್ಕೆ ಬಳಸಬೇಡಿ.